ನಮ್ಮ ಬಾಗಿಲಿಗೆ ಬಂದ ನೆರಳಿನ ಗೆರೆ

ಪೇಟೆ ಹೇಗೆ ಕಟ್ಟಬೇಕೆಂದು ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಹಾಗಾಗಿ ಯಲಹಂಕ ಹಳೇ ಊರಿನ ನಮ್ಮ ಬೀದಿಗೆ ಸಹನಾ ಎಂಬ ಪ್ಲಾನಿಂಗ್ ಕಚೇರಿಯ ಹುಡುಗಿ ಬಂದು, ಎದುರಿನ ಹಳೇ ಅಂಗಡಿ ಸಾಲು ಕೆಡವಿ ಹೊಸ ಮಾರ್ಕೆಟ್ ಕಟ್ಟುತ್ತಾರೆ, ನಿಮಗೇನು ಬೇಕು ಅಜ್ಜಿ ಎಂದಾಗ ನಾನು ತಡಮಾಡಲಿಲ್ಲ. ಬಿಸಿಲು ಬೇಕು ಅಂದೆ. ಬೆಳಗಿನ ಬಿಸಿಲು ಆ ಅಂಗಡಿಗಳ ತಲೆ ಮೇಲಿಂದಲೇ ನಮ್ಮ ಜಗಲಿಗೆ ಬರುವುದು. ಸಂಡಿಗೆ ಒಣಗುವುದೂ ನನ್ನ ಮೊಣಕಾಲು ಮಡಚುವುದೂ ಅದರಿಂದಲೇ.

ಆ ಹುಡುಗಿ ತಲೆಯಾಡಿಸಿ ಹೋಗುವ ಪೈಕಿ ಅಲ್ಲ. ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ನನ್ನ ಸಂಡಿಗೆ ಚಾಪೆಯ ಹಿಂದೆಯೇ ತಿರುಗಿದಳು. ನನ್ನ ಸೊಸೆಯೂ ಆ ಚಾಪೆಯನ್ನು ಅಷ್ಟು ವಿಚಾರಿಸಿದವಳಲ್ಲ.

ಮರುದಿನ ನಾನು ರಾಜಾನುಕುಂಟೆಯ ಗೃಹಪ್ರವೇಶವೊಂದಕ್ಕೆ ಹೋಗಿ, ಕತ್ತಲಾದ ಮೇಲೆ ಬಂದು ಮಲಗಿದೆ. ಬೆಳಗ್ಗೆ ಬಾಗಿಲು ತೆಗೆದರೆ ಬೀದಿಯಲ್ಲಿ ಉದ್ದಕ್ಕೂ ಬಿಳಿ ಗೆರೆಗಳು! ಒಂದಂತೂ ನಮ್ಮ ಹೊಸ್ತಿಲಿಗೇ ಬಂದು ನಿಂತಿತ್ತು. ನಮ್ಮ ಕಡೆ ಕಚೇರಿಯವರು ಮನೆ ಮುಂದೆ ಗೆರೆ ಎಳೆದರೆ ಅರ್ಥ ಒಂದೇ. ಹಿಂದೆಯೇ ಜೆಸಿಬಿ ಬರುತ್ತದೆ. ಗೆರೆಯೇ ಇಲ್ಲದಿದ್ದರೆ ಜೆಸಿಬಿ ಎಲ್ಲಿ ಅಗೆಯುತ್ತದೆ? ನನ್ನ ತಲೆ ಅಷ್ಟು ಚುರುಕು.

ಬಕೆಟ್ ನೀರು ಸುರಿದು ಪೊರಕೆ ಹಿಡಿದೆ. ಪಕ್ಕದ ಮನೆ ಶಾಂತಕ್ಕ, ಗದಗದ ಕಡೆಯವಳು, ಹೊರಗೆ ಬಂದಳು.

"ಏನ್ ನಡಸೀರಿ ಅಜ್ಜಿ?"

"ಮನೆ ಉಳುಸ್ತಾ ಇವ್ನಿ ಕಣಮ್ಮ. ನಿಂದೂ ಐತೆ ನೋಡು."

ಅವಳು ಪೈಪನ್ನೇ ಎಳೆದು ತಂದಳು. ಬೀದಿಯ ಹೆಂಗಸರೆಲ್ಲ ಸೇರಿ ಒಂದು ಗೆರೆಯನ್ನೂ ಉಳಿಸಲಿಲ್ಲ. ತೊಳೆದ ನೆಲವನ್ನು ಬರಿದಾಗಿ ಬಿಡುವುದುಂಟೇ? ರಂಗೋಲಿ ಹಾಕಿದೆವು. ದೊಡ್ಡದು.

ಒಂಬತ್ತಕ್ಕೆ ಸಹನಾ ಕಚೇರಿಯ ದೊಡ್ಡ ಸಾಹೇಬರನ್ನು ಕರೆತಂದಳು. ರಂಗೋಲಿ ತಮ್ಮ ಸ್ವಾಗತಕ್ಕೆಂದು ತಿಳಿದು ಸಾಹೇಬರು ಕೈ ಮುಗಿದರು. ಆಮೇಲೆ ಗೆರೆ ಎಲ್ಲಿ ಎಂದು ಕೇಳಿದರು.

ಆಗ ನಮ್ಮ ಯಜಮಾನರಿಗೆ ಜ್ಞಾಪಕ ಬಂತು. ಮಾರ್ಕೆಟ್ಟನ್ನು ನಾಲ್ಕು ಮಹಡಿ ಕಟ್ಟಿದರೆ ಬೆಳಗಿನ ನೆರಳು ಎಲ್ಲಿಗೆ ಬರುತ್ತದೆ, ಎರಡೇ ಕಟ್ಟಿದರೆ ಎಲ್ಲಿಗೆ ಎಂದು ಹಿಂದಿನ ಸಂಜೆ ಸಹನಾ ಸುಣ್ಣದಲ್ಲಿ ಗೆರೆ ಎಳೆದು, ಎಲ್ಲರಿಗೂ ತಿಳಿಸಿ ಎಂದು ಇವರಿಗೆ ಹೇಳಿ ಹೋಗಿದ್ದಳಂತೆ. ಕಣ್ಣಾರೆ ಕಂಡರೆ ಸಾಹೇಬರು ಎರಡಕ್ಕೆ ಇಳಿಯಬಹುದು. ಕಾಣದಿದ್ದರೆ ನಾಲ್ಕೇ. ನನ್ನ ಬಿಸಿಲಿಗಿದ್ದ ಒಂದೇ ಸಾಕ್ಷಿಯನ್ನು ನಾನೇ ಮೋರಿಗೆ ಕಳಿಸಿದ್ದೆ.

"ಬಂದಾಗ್ಲೇ ಹೇಳ್ಬಾರ್ದಿತ್ತಾ?" ಎಂದೆ.

"ನೀನು ಗೃಹಪ್ರವೇಶದ ಊಟದ ಕತೆ ನಿಲ್ಸಿದ್ರೆ ತಾನೆ," ಎಂದರು.

ಸಹನಾ ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ. ರಂಗೋಲಿ ಪುಡಿ ಇಸಕೊಂಡು, ಅಳತೆ ಟೇಪಿನ ತುದಿಯನ್ನು ನನ್ನ ಕೈಗೇ ಕೊಟ್ಟು, ಹೊಸದಾಗಿ ಗೆರೆ ಎಳೆಯತೊಡಗಿದಳು. ಇಲ್ಲಿ ನನ್ನ ತಲೆ ಮತ್ತೆ ಚುರುಕಾಯಿತು. ನೆರಳು ಜಾಸ್ತಿ ಕಂಡಷ್ಟೂ ಸಾಹೇಬರಿಗೆ ಕನಿಕರ ಜಾಸ್ತಿಯಲ್ಲವೇ? ಟೇಪನ್ನು ಮೆಲ್ಲಗೆ ಜಗ್ಗಿ ನಾಲ್ಕು ಮಹಡಿಯ ನೆರಳನ್ನು ನಡುಮನೆಗೇ ತಂದೆ. ಅದೇ ಉತ್ಸಾಹದಲ್ಲಿ ಎರಡು ಮಹಡಿಯದನ್ನೂ ಜಗಲಿಗೆ ಹತ್ತಿಸಿದೆ.

ಸಾಹೇಬರು ನೋಡಿ, "ಎರಡು ಕಟ್ಟಿದ್ರೂ ಇಲ್ಲಿ ನೆರಳೇ ಅಂದ್ಮೇಲೆ ನಾಲ್ಕೇ ಕಟ್ಟೋಣ. ಈ ಮನೆ ಮುಂದೆ ತಂಪಾಗಿರುತ್ತೆ, ಸ್ಕೂಟರ್ ಪಾರ್ಕಿಂಗ್ ಮಾಡಿ," ಎಂದರು.

ನಾನು ಟೇಪಿನ ತುದಿಯನ್ನು ಸೆರಗಿನಡಿ ಬಚ್ಚಿಟ್ಟೆ.

ಸಹನಾ ಗೆರೆಯನ್ನೂ ನನ್ನನ್ನೂ ನೋಡಿದಳು. "ಅಜ್ಜಿ, ಟೇಪ್ ಎಳೆದ್ರೆ ನೆರಳು ಬರಲ್ಲ. ಬಿಡಿ," ಎಂದು ತುದಿ ಬಿಡಿಸಿಕೊಂಡು ಶಾಂತಕ್ಕನ ಕೈಗೆ ಕೊಟ್ಟಳು. ಈ ಸಲ ನಾಲ್ಕರ ಗೆರೆ ಹೊಸ್ತಿಲಿಗೆ ಬಂತು, ಎರಡರದು ನಡುಬೀದಿಯಲ್ಲೇ ನಿಂತಿತು. ಸಾಹೇಬರನ್ನು ಜಗಲಿಯ ಮೇಲೆ ಕೂರಿಸಿ ಎರಡನ್ನೂ ತೋರಿಸಿದಳು. ಅವರು ಸ್ವಲ್ಪ ಹೊತ್ತು ಬಿಸಿಲು ಕಾಯಿಸಿಕೊಂಡು ಒಪ್ಪಿದರು. ಬೀದಿ ಕಡೆಗೆ ಎರಡೇ ಮಹಡಿ, ಎತ್ತರವೆಲ್ಲ ಆಚೆ ಮೇನ್ ರೋಡಿನ ಕಡೆಗೆ. ಪಾರ್ಕಿಂಗೂ ಅಲ್ಲೇ.

ನಮ್ಮಂಥ ಇಕ್ಕಟ್ಟಿನ ಊರಿನಲ್ಲಿ ಅಂಗಡಿಯವರಿಗೆ ಅಂಗಡಿ, ಮನೆಯವರಿಗೆ ಬಿಸಿಲು ಎರಡನ್ನೂ ಹೊಂದಿಸಿದ ಜಾಣೆ ಅವಳು. ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ.

ಸಂಜೆ ಬೀದಿಯವರೆಲ್ಲ ಜಗಲಿಯಲ್ಲಿ ಸೇರಿ, ಕಚೇರಿಯವರು ಇನ್ನೊಮ್ಮೆ ಬರುವ ದಿನ ನನ್ನನ್ನು ಬೇರೆ ಊರಿಗೆ ಕಳಿಸಬೇಕೆಂದು ತೀರ್ಮಾನಿಸಿದರು. ಒಪ್ಪುವವರು ಕೈ ಎತ್ತಿ ಎಂದರು.

ನಾನೂ ಎತ್ತಿದೆ.