ಅಮಾಸಿ ದಿನ ಒತ್ತಿದ ಗುಂಡಿ

ಇಂದ:
ಕು. ಮಧುಮತಿ ಬಸಗೊಂಡಪ್ಪ ಜಿಡ್ಡಿಮನಿ,
ಮಗ್ಗದ ಶೆಡ್ಡಿನ ಹಿಂದಿನ ಮನೆ, ಬನಹಟ್ಟಿ, ಬಾಗಲಕೋಟೆ ಜಿಲ್ಲೆ.

ಗೆ:
ಓದು ಮುಗಿಸಿದ ಪರದೇಶದ ವಿದ್ಯಾರ್ಥಿಗಳಿಗೆ ಕೆಲಸದ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳು, ಕೆನಡಾ.

ವಿಷಯ: ಒಬ್ಬಳೇ ಅರ್ಜಿದಾರಳಿಂದ ಎರಡು ದಿನ ಎರಡು ಅರ್ಜಿ ಬಂದ ಬಗ್ಗೆ ವಿವರಣೆ, ಹಾಗೂ ಮೊದಲನೆಯದನ್ನು ಉಳಿಸಿಕೊಡುವ ಕುರಿತು.

ಉಲ್ಲೇಖ: ೧) ಎರಡರಲ್ಲಿ ಯಾವುದು ನಿಮ್ಮದು, ಹದಿನೈದು ದಿನದೊಳಗೆ ತಿಳಿಸದಿದ್ದರೆ ಎರಡನ್ನೂ ಮುಕ್ತಾಯ ಮಾಡಲಾಗುವುದು ಎಂಬ ತಮ್ಮ ಮೇಲ್.
೨) ನಮ್ಮ ಪಡಸಾಲೆಯ ಗೋಡೆಯ ಪಂಚಾಂಗ, ಭಾದ್ರಪದ ಮಾಸದ ಹಾಳೆ.

ಮಾನ್ಯರೇ,

ಒಂದು ಗುಂಡಿಯನ್ನು ಒಂದು ಸಲ ಒತ್ತುವಂಥ ಗಂಭೀರ ವಿಷಯವನ್ನು ತಮ್ಮ ಸನ್ನಿಧಿಗೆ ತರುತ್ತಿದ್ದೇನೆ. ಈ ವಿವರಣೆ ಕನ್ನಡದಲ್ಲಿರುವುದಕ್ಕೆ ಕಾರಣವೇನೆಂದರೆ, ಇದಕ್ಕೆ ನನ್ನ ತಂದೆಯ ಸಹಿ ಬೇಕಾಗಿದ್ದು, ಸದರಿಯವರು ತಮಗೆ ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಮಾಡುವುದಿಲ್ಲ. ಇಂಗ್ಲಿಷ್ ಅನುವಾದ ಲಗತ್ತಿಸಿದೆ.

೧. ನಾನು ತಮ್ಮ ದೇಶದಲ್ಲಿ ಎರಡು ವರ್ಷ ಜವಳಿ ಶಾಸ್ತ್ರ ಓದಿ ಪಾಸಾಗಿ ಊರಿಗೆ ಬಂದವಳು. ಬಟ್ಟೆಯ ಬಣ್ಣ ಎಷ್ಟು ತೊಳೆತಕ್ಕೆ ಬಿಡುತ್ತದೆ ಎಂದು ಪರೀಕ್ಷಿಸುವ ಅಲ್ಲಿಯ ಒಂದು ಪ್ರಯೋಗಾಲಯ ನನಗೆ ಕೆಲಸ ಕೊಟ್ಟು, ಪರವಾನಗಿ ಬರಲೆಂದು ಕಾಯುತ್ತಿದೆ. ಪರವಾನಗಿಗೆ ಫಲಿತಾಂಶದಿಂದ ನೂರಾ ಎಂಬತ್ತು ದಿನದೊಳಗೆ ಅರ್ಜಿ ಹಾಕಬೇಕು. ಈ ಅವಕಾಶ ಜನ್ಮಕ್ಕೆ ಒಂದೇ ಸಲ ಎಂಬುದು ತಮಗೆ ಗೊತ್ತು, ನನಗೂ ಗೊತ್ತು. ನನ್ನ ಆಯಿಗೆ, ಅಂದರೆ ತಂದೆಯ ತಾಯಿ ಶ್ರೀಮತಿ ಶಂಕ್ರೆವ್ವನವರಿಗೆ, ಅದು ಗೊತ್ತಿರಲಿಲ್ಲ.

೨. ನೂರಾ ಎಂಬತ್ತು ದಿನ ಬಹಳವಲ್ಲವೇ ಎಂದು ತಾವು ಕೇಳಬಹುದು. ಕಾಲೇಜಿನ ಕಾಗದಗಳು ಬರಲು ಎರಡೂವರೆ ತಿಂಗಳು ಹಿಡಿದವು. ಆಮೇಲೆ ಆಷಾಢ, ಆಷಾಢದಲ್ಲಿ ಹೊಸದೇನನ್ನೂ ಆರಂಭಿಸುವುದಿಲ್ಲ. ಶ್ರಾವಣದಲ್ಲಿ ಆಯಿ ಒಂದು ಒಳ್ಳೆಯ ಸೋಮವಾರ ಹುಡುಕಿಕೊಟ್ಟರು. ಅಂದು ಕರೆಂಟ್ ಇರಲಿಲ್ಲ. ಮುಂದೆ ಗಣಪತಿ ಬಂದ. ಗಣಪತಿ ಹೋದ ಮೇಲೆ ಪಕ್ಷಮಾಸ ಬಂತು, ಅದು ತೀರಿಹೋದ ಹಿರಿಯರ ಹದಿನೈದು ದಿನ. ಆದ್ದರಿಂದ ಉಳಿದದ್ದು ಕಡೆಯ ದಿನ ಮಾತ್ರ. ಅದು ಅಮಾವಾಸ್ಯೆ.

೩. ಅಮಾವಾಸ್ಯೆ ಎಂದರೆ ಚಂದ್ರನು ತಿಂಗಳಿಗೊಮ್ಮೆ ಕರ್ತವ್ಯಕ್ಕೆ ಗೈರುಹಾಜರಾಗುವ ದಿನ. ಅಂದು ನಮ್ಮ ಬನಹಟ್ಟಿಯಲ್ಲಿ ಮಗ್ಗಗಳಿಗೂ ರಜೆ. ಉಳಿದ ದಿನ ಇಡೀ ಓಣಿ ಖಟಖಟ ಎನ್ನುತ್ತಿದ್ದು, ಜನ ಕೂಗಿಯೇ ಮಾತಾಡುತ್ತಾರೆ. ಅಮಾವಾಸ್ಯೆಯಂದು ಸದ್ದೇ ಇರುವುದಿಲ್ಲ. ಆದರೆ ರೂಢಿಯಾದ ಕಾರಣ ಕೂಗುವುದು ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಅಂದು ನಮ್ಮ ಮನೆಯಲ್ಲಿ ನಡೆದ ಮಾತು ಓಣಿಗೆಲ್ಲ ಕೇಳಿದೆ, ಸಾಕ್ಷಿಗಳಿಗೆ ಕೊರತೆಯಿಲ್ಲ:

"ಮಗ್ಗಾನ ಇವತ್ತ ಸುಮ್ಮ ನಿಂತಾವು. ನಿನ್ನ ಕೆನಡಾಕ್ಕ ಏನ ಅವಸರ ಆಗೇತಿ?" ಎಂದರು ಆಯಿ.

"ಆಯಿ, ಇವತ್ತ ಕಡೀ ದಿನ ಐತಿ."

"ಕಡೀ ದಿನ ಅಂತ ಕೆಟ್ಟ ದಿನಾ ಹಿಡೀತಾರೇನ? ನಾಳೆ ಪಾಡ್ಯ ಐತಿ, ಕಾಯಿ ಒಡದ ಒತ್ತು."

ತಂದೆ ಶ್ರೀ ಬಸಗೊಂಡಪ್ಪನವರನ್ನು ನೋಡಿದೆ. ಹದಿನಾರು ಮಗ್ಗಗಳ ಮಾಲೀಕರು ನೆಲ ನೋಡುತ್ತ, "ಅವ್ವನ ಮಾತ ಮೀರಬ್ಯಾಡ ಬೇ ಮಧೂ" ಎಂದರು. ಸಂಜೆ ಅಂಗಿ ಹಾಕಿಕೊಂಡು, ಎಲೆಯಡಿಕೆ ತರುತ್ತೇನೆಂದು ಹೊರಗೆ ಹೋದರು. ತರಲಿಲ್ಲ. ಇದನ್ನು ಆಗಲೇ ಗಮನಿಸಬೇಕಿತ್ತು.

೪. ಪಾಡ್ಯದ ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಾನು ಗುಂಡಿ ಒತ್ತಿದೆ. ಟೊರಾಂಟೊದಲ್ಲಿ ಇನ್ನೂ ಹಿಂದಿನ ದಿನವೇ ನಡೆದಿದೆ ಎಂಬ ಧೈರ್ಯವಿತ್ತು. ತಮ್ಮ ಕಚೇರಿಯ ಗಡಿಯಾರ ನಮ್ಮೂರಿನದೂ ಅಲ್ಲ, ಟೊರಾಂಟೊದ್ದೂ ಅಲ್ಲ, ನಮಗಿಂತ ಐದೂವರೆ ತಾಸು ಹಿಂದಿರುವ ಗ್ರೀನಿಚ್ಚಿನದು ಎಂದು ಆಮೇಲೆ ತಿಳಿಯಿತು. ಕಾರಣ ಈ ಅರ್ಜಿ ಎರಡೂವರೆ ತಾಸು ತಡ. ಒತ್ತುವಾಗ ಊದಿನಕಡ್ಡಿ ಹಿಡಿದು ನಿಂತವರು ತಂದೆಯವರೇ.

೫. ತಮ್ಮ ಮೇಲ್ ಬಂದಾಗ, ಎರಡನೆಯದು ನನ್ನದಾದರೆ ಮೊದಲನೆಯದು ಯಾರದೆಂದು ನನಗೂ ತಿಳಿಯಲಿಲ್ಲ. ವಿಚಾರಣೆಗಾಗಿ, ನನ್ನ ಕಾಗದಗಳನ್ನು ಸ್ಕ್ಯಾನ್ ಮಾಡಿಕೊಟ್ಟಿದ್ದ ಆನ್‌ಲೈನ್ ಸೆಂಟರಿನ ವೀರೇಶನ ಬಳಿ ಹೋದೆ. ಶ್ರಾವಣದ ಆ ಸೋಮವಾರಕ್ಕೆಂದು ಅವನ ಕಂಪ್ಯೂಟರಿನಲ್ಲೂ ತಂದೆಯವರ ಎದುರೇ ಒಂದು ಅರ್ಜಿ ತುಂಬಿಸಿ, ಗುಂಡಿ ಒತ್ತುವುದೊಂದನ್ನೇ ಬಾಕಿ ಬಿಟ್ಟಿದ್ದೆ, ಮರೆತಿದ್ದೆ. ಅವನ ಹೇಳಿಕೆ ಇದ್ದದ್ದಿದ್ದಂತೆ (ಕಾಕಾರು ಎಂದರೆ ನನ್ನ ತಂದೆ):

"ಅಮಾಸಿ ದಿನ ಸಂಜಿಗೆ ಕಾಕಾರು ಬಂದ್ರು. 'ಆ ಗುಂಡಿ ಯಾವುದ ಐತಿ ತೋರಸು' ಅಂದ್ರು. ನಾ ಒತ್ತತೇನ್ರಿ ಅಂದ್ರ, 'ನೀ ಯಾಕ ಒತ್ತತಿ, ಮನ್ಯಾಗ ಹೆಂಡ್ರು ಮಕ್ಕಳು ಅದಾರ ನಿನಗ' ಅಂತ ತಾವ ಒತ್ತಿದ್ರು. ಜೋರ ಒತ್ತಿದ್ರು ಅಕ್ಕಾರ. ಆ ಮೌಸ ಇನ್ನೂ ನೆಟ್ಟಗಾಗಿಲ್ಲ."

೬. ಮನೆಗೆ ಬಂದು ತಂದೆಯವರನ್ನು ಕೇಳಲಾಗಿ, ಅವರು ನೂಲಿನ ಎಳೆ ಗಂಟು ಹಾಕುತ್ತಲೇ ಒಪ್ಪಿಕೊಂಡರು.

"ದೋಷ ಏನರ ಇದ್ರ ಒತ್ತಿದ ಕೈಗೆ ಬರತೈತಿ. ನಿನ್ನ ಕೈ ಯಾಕ ಬೇಕು. ನನ್ನ ಕೈ ಮಗ್ಗದಾಗ ಏನೇನರ ನೋಡೇತಿ."

"ಮತ್ತ ಮರುದಿನ ನಾ ಒತ್ತೂಮುಂದ ಹೇಳಬಾರದಾ ಯಪ್ಪಾ?"

"ಅವ್ವ ಅಲ್ಲೇ ಕುಂತಿದ್ಲು. ನೀ ಕಾಯಿ ಬ್ಯಾರೆ ಒಡದಿದ್ದಿ. ನಡುವ ಹೆಂಗ ಹೇಳಲಿ?"

ನಾನೂ ಪಕ್ಕದಲ್ಲಿ ಕುಳಿತು ಒಂದು ಎಳೆ ಹಿಡಿದೆ. ಸ್ವಲ್ಪ ಹೊತ್ತು ಇಬ್ಬರೂ ಗಂಟು ಹಾಕಿದೆವು.

೭. ಈ ಸಂಗತಿ ಶ್ರೀಮತಿ ಶಂಕ್ರೆವ್ವನವರಿಗೆ ತಿಳಿದರೆ ತಂದೆಯವರ ಸ್ಥಿತಿ ಕಷ್ಟವಾದೀತು. ಆದ್ದರಿಂದ ತಮ್ಮ ಉತ್ತರದಲ್ಲಿ ಅಮಾವಾಸ್ಯೆಯ ದಿನಾಂಕವನ್ನು ಎಲ್ಲಿಯೂ ಕಾಣಿಸದಿರಬೇಕಾಗಿ ವಿನಂತಿ.

೮. ಮೇಲಿನ ಕ್ರಮಸಂಖ್ಯೆ ಏಳನ್ನು ರದ್ದುಪಡಿಸಿದೆ ಎಂದು ತಿಳಿಯತಕ್ಕದ್ದು. ಸಹಿಗೆ ಮುಂಚೆ ಇದನ್ನು ತಂದೆಯವರಿಗೆ ಓದಿ ಹೇಳುವಾಗ ಶೆಡ್ಡಿನಲ್ಲಿ ಮಗ್ಗ ನಡೆದಿದ್ದವು. ನಾನು ಕೂಗಿ ಓದಬೇಕಾಯಿತು. ಆರನೆಯ ಅಂಶಕ್ಕೆ ಬರುವಷ್ಟರಲ್ಲಿ ಆಯಿ ಬಾಗಿಲಲ್ಲಿ ನಿಂತಿದ್ದರು.

"ಬಸಗೊಂಡ, ನೀ ಒತ್ತೀದಿ?"

ತಂದೆ ಎದ್ದು ನಿಂತರು. ಅರವತ್ತೊಂದು ವರ್ಷದವರು.

"ಹೂಂ ಬೇ ಯವ್ವಾ."

"ನಾ ಬ್ಯಾಡ ಅಂದಿದ್ದು ಕೂಸಿಗೆ. ನಿನಗ ಯಾರ ಬ್ಯಾಡ ಅಂದಿದ್ರು? ಮುಂಜಾನೇನ ಹೋಗಿ ಒತ್ತಿ ಬರೂದು ಬಿಟ್ಟು ಸಂಜಿಮಟ ಏನ ಮಾಡ್ತಾ ಕುಂತಿದ್ದಿ?"

ಆದ್ದರಿಂದ, ಅಮಾವಾಸ್ಯೆಯಂದು ನನ್ನ ತಂದೆ ಒತ್ತಿದ ಅರ್ಜಿಯೇ ನನ್ನದೆಂದು ಈ ಮೂಲಕ ದೃಢೀಕರಿಸುತ್ತೇನೆ. ಅದರಲ್ಲಿ ಬರೆದದ್ದೆಲ್ಲ ನನ್ನದು, ಬೆರಳು ಮಾತ್ರ ಅವರದು. ಪಾಡ್ಯದಂದು ನಾನು ಒತ್ತಿದ್ದನ್ನು ಪೂಜೆಯೆಂದು ಪರಿಗಣಿಸಿ, ಮೊದಲನೆಯದಕ್ಕೆ ಪರವಾನಗಿ ದಯಪಾಲಿಸಬೇಕೆಂದು ಕೋರುತ್ತೇನೆ.

ಎರಡೂ ದಿನ ತಮ್ಮ ವಿಶ್ವಾಸಿಯಾದ,
ಮಧುಮತಿ ಬ. ಜಿಡ್ಡಿಮನಿ

ಓದಿಸಿ ಕೇಳಿ ಸಹಿ ಮಾಡಿದವರು: ಬಸಗೊಂಡಪ್ಪ ಜಿಡ್ಡಿಮನಿ
ಕೇಳಿಸಿಕೊಂಡವರು: ಶಂಕ್ರೆವ್ವ (ಎಡಗೈ ಹೆಬ್ಬೆಟ್ಟು)

ಲಗತ್ತುಗಳು:
೧) ಇಂಗ್ಲಿಷ್ ಅನುವಾದ. ಇದರಲ್ಲಿ ಆಯಿಯ ಮಾತು ಅಷ್ಟು ಚೆನ್ನಾಗಿ ಬಂದಿಲ್ಲ.
೨) ವೀರೇಶನ ಹೇಳಿಕೆ, ಸೆಂಟರಿನ ಶಿಕ್ಕಾ ಸಹಿತ.
೩) ಪಂಚಾಂಗದ ಹಾಳೆಯ ನಕಲು. ಮೂಲ ಹಾಳೆ ಮನೆಗೆ ಬೇಕಾಗಿದೆ.

ವಿ.ಸೂ.: ಬೆರಳಚ್ಚು ತಾಳೆ ನೋಡುವುದಿದ್ದರೆ ತಂದೆಯವರು ಯಾವ ದಿನ ಬೇಕಾದರೂ ಬರಲು ಸಿದ್ಧರಿದ್ದಾರೆ.

ಷರಾ (ಮನೆಯ ಪ್ರತಿಯ ಮೇಲೆ, ಐದು ವಾರದ ನಂತರ): ಮೊದಲನೆಯ ಅರ್ಜಿಗೆ ಮೂರು ವರ್ಷದ ಪರವಾನಗಿ ಮಂಜೂರಾಗಿದೆ. ಎರಡನೆಯದು ಅವಧಿ ಮೀರಿದ ಕಾರಣ ತಿರಸ್ಕೃತವಾಗಿದೆ.