ಪ್ರೊಫೆಸರು ಮತ್ತು ಸ್ವೀಡನ್ನಿನ ‘ಕುನ್ನಿಗ್’

ಅರವತ್ತರ ದಶಕದ ಕೊನೆಯಲ್ಲಿ ನ್ಯೂಜೆರ್ಸಿಯಲ್ಲಿದ್ದ ಬೆರಳೆಣಿಕೆಯ ಕನ್ನಡಿಗರೆಲ್ಲ ನಂಬಿದ್ದು ಇಷ್ಟು: ಪದದ ಮೂಲ ಗೊತ್ತಿದ್ದವರಿಗೆ ಮಿಕ್ಕಿದ್ದೆಲ್ಲ ಗೊತ್ತಿರುತ್ತದೆ. ಪದಗಳ ಮೂಲ ಗೊತ್ತಿದ್ದವರು ಮೈಸೂರಿನ ಪ್ರೊಫೆಸರೊಬ್ಬರು. ಅವರಿದ್ದ ಕಡೆ ಪದಗಳ ಮೂಲದ ಮಾತು ಬರುತ್ತಲೇ ಇತ್ತು.

ಸಕ್ಕರೆ ಡಬ್ಬಿ

ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. “ಸ್ವಲ್ಪ ಶುಗರ್ ಕೊಡಿ” ಎಂದರೆ ಸಾಕು, ಪ್ರೊಫೆಸರು ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು, ಅದು ಸಂಸ್ಕೃತದ ‘ಶರ್ಕರಾ’ದಿಂದ ಹೊರಟು ಅರಬ್ಬರ ಮೂಲಕ ಬಂದ ದಾರಿಯನ್ನು ವಿವರಿಸುವರು.

ಅವರ ಹೆಂಡತಿ ಕೆಮಿಸ್ಟ್ರಿ ಎಂ.ಎಸ್ಸಿ. “ರೀ, ಅಷ್ಟು ದೂರದಿಂದ ಬಂದಿದೆ. ಅವರ ಕಾಫಿ ತನಕ ಕಳಿಸಿ.”

ಬಾಡಿಗೆ ಮನೆ

ಆ ಚಳಿಗಾಲ ಅವರು ಅಪಾರ್ಟ್‌ಮೆಂಟ್ ಖಾಲಿ ಮಾಡಬೇಕಾಯಿತು. ತಿಂಗಳ ಕೊನೆಯೊಳಗೆ ಮನೆ ಸಿಗಬೇಕು. ಸ್ವೀಡನ್ನಿನ ಮುದುಕರೊಬ್ಬರ ಹಳೇ ಮನೆಯ ಕೆಳಭಾಗ ಖಾಲಿ ಇತ್ತು. ಅದನ್ನು ನೋಡಲು ಹೋದಾಗ ಡ್ರೈವ್ ಮಾಡಿದ್ದು ನಾನು.

“ಬಾಡಿಗೆಗೆ ನನಗೆ ಕುನ್ನಿಗ್ ಆದವರು ಬೇಕು,” ಎಂದರು ಮುದುಕರು. “ಅಂದರೆ ನಮ್ಮಲ್ಲಿ, ತಿಳಿವಳಿಕೆ ಉಳ್ಳವರು.”

ಪ್ರೊಫೆಸರು ಅರಳಿದರು. ನನ್ನ ಕಡೆ ತಿರುಗಿ, “ನಮ್ಮ ‘ಜ್ಞಾನ’ದಿಂದ ಬಂದದ್ದು, ನೋಡಿ,” ಎಂದರು.

ನಾನು ಲೈಬ್ರರಿಗೆ ಹೋಗಿ ನಿಘಂಟು ನೋಡಿದೆ. ಬಂದದ್ದೇನಲ್ಲ, ಎರಡಕ್ಕೂ ಮುತ್ತಜ್ಜ ಒಬ್ಬನೇ. ಅರ್ಧ ಸರಿ ಹೇಳಿದ್ದರಲ್ಲ ಎಂದು ಬೇಸರವಾಯಿತು. ಹಿಂದೆ ಸ್ವೀಡನ್ನಿನಲ್ಲಿ ಮಾಟ ಬಲ್ಲವರಿಗೂ ಅದೇ ಪದವಿತ್ತಂತೆ. ಇದನ್ನು ಪ್ರೊಫೆಸರ ಹೆಂಡತಿಗೆ ಹೇಳಿದೆ.

“ಮನೆ ಸಿಗೋ ತನಕ ಅದನ್ನ ಇವರಿಗೆ ಹೇಳ್ಬೇಡಿ,” ಎಂದರು ಹೆಂಡತಿ. “ಅಲ್ಲಿ ಹೋಗಿ ಅದನ್ನೂ ಹೇಳಿಬಿಡ್ತಾರೆ.”

ನೆಲಮಾಳಿಗೆ

ಮುಂದಿನ ಶನಿವಾರ ಪ್ರೊಫೆಸರು ತಮ್ಮ ಡಾಕ್ಟರೇಟ್ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಮುದುಕರ ಮನೆಗೆ ತಂದರು. ಮುದುಕರು ಪೂರ್ತಿ ಓದಿ, ಗೋಡೆಗೆ ಒರಗಿಸಿ, ನಮ್ಮ ಮೂವರನ್ನೂ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಕಲ್ಲಿದ್ದಲಿನ ಬಾಯ್ಲರ್ ಇತ್ತು. ಮನೆ ಬೆಚ್ಚಗಿರಬೇಕಾದರೆ ಬಾಡಿಗೆಯವರೇ ದಿನಾ ಉರಿ ಹಾಕಬೇಕು. ಮುದುಕರಿಗೆ ಮಂಡಿನೋವು.

“ಹಚ್ಚಿ,” ಎಂದರು.

“ಅಗ್ನಿಗೆ ಲ್ಯಾಟಿನ್ನಿನಲ್ಲಿ...” ಎನ್ನುತ್ತ ಪ್ರೊಫೆಸರು ಕಡ್ಡಿ ಮೇಲೆ ಕಡ್ಡಿ ಗೀರಿದರು. ಹೊಗೆ ಬಂತು. ಬೆಂಕಿ ಬರಲಿಲ್ಲ.

ಹೆಂಡತಿ ಸೆರಗು ಸಿಕ್ಕಿಸಿಕೊಂಡರು. ಗಾಳಿಕಿಂಡಿ ತೆರೆದು, ಅಡಿಯಲ್ಲಿ ಕಾಗದ, ಅದರ ಮೇಲೆ ಸೌದೆ ಚಕ್ಕೆ, ಆಮೇಲೆ ಕಲ್ಲಿದ್ದಲು ಹಾಕಿದರು. ಉರಿ ಹಿಡಿಯಿತು.

“ಎಲ್ಲಿ ಕಲಿತಿರಿ?” ಎಂದರು ಮುದುಕರು.

“ಮೈಸೂರಲ್ಲಿ. ಬಚ್ಚಲ ಹಂಡೆಗೆ ಉರಿ ಹಾಕ್ತಿದ್ದೋಳು ನಾನು. ಸ್ನಾನ ಮಾಡ್ತಿದ್ದೋರು ಇವರು.”

“ಕುನ್ನಿಗ್,” ಎಂದರು ಮುದುಕರು. ನಿಘಂಟಿನಲ್ಲಿ ಅದೂ ಇತ್ತು: ತಿಳಿದವರಿಗೆ ಮಾತ್ರವಲ್ಲ, ಮಾಡಬಲ್ಲವರಿಗೂ ಸಲ್ಲುವ ಪದ.

ಆ ಮನೆಯಲ್ಲಿ ಪ್ರೊಫೆಸರು ಎಷ್ಟೋ ಚಳಿಗಾಲ ಬೆಚ್ಚಗೆ ಕೂತು ಪದಗಳ ಮೂಲ ಹುಡುಕಿದರು. ಬಾಡಿಗೆ ಕರಾರು ಹೆಂಡತಿಯ ಹೆಸರಿನಲ್ಲಿತ್ತು.