ಇಂಜಿನಿಯರಿಗಿಂತ ಟ್ರ್ಯಾಕ್ಟರ್ ವಾಸಿ

ಸಾಲ ಮಾಡಿ ಕಂಪ್ಯೂಟರ್ ಇಂಜಿನಿಯರಿಂಗ್ ಓದಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಂತಿನ ಹಾಗೆ ಅವೂ ತಿಂಗಳಿಗೊಂದು ತಾವಾಗಿ ಬರುತ್ತವೆ.

ನಾನು ಹನೂರಿನ ಒಂದು ಕಚೇರಿಯಲ್ಲಿ ಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ವಾಸ ಕೊಳ್ಳೇಗಾಲದಲ್ಲಿ, ಮಹಡಿಯ ಮೇಲಿನ ಒಂದು ಕೋಣೆ. ಸಂಬಳದಲ್ಲಿ ಅರ್ಧ ಬ್ಯಾಂಕಿಗೆ. ಸಾಲ ಮುಗಿಯುವವರೆಗೆ ಮದುವೆ, ಮನೆ, ಬೈಕು ಯಾವುದೂ ಬೇಡವೆಂದು ತೀರ್ಮಾನಿಸಿದ್ದೆ. ಯಾರೂ ವಿರೋಧಿಸಲಿಲ್ಲ.

ಬೇಲಿ

ರಾಮಾಪುರದ ಕಡೆಯ ರೈತರೊಬ್ಬರು ಕಚೇರಿಗೆ ಬಂದರು. ಚೀಲದಲ್ಲಿ ಸೋಲಾರ್ ಬೇಲಿಯ ಪೆಟ್ಟಿಗೆ. ಕಾಡಂಚಿನ ಹೊಲ, ಆನೆಗಳ ಕಾಟ, ಬೇಲಿಗೆ ಕರೆಂಟು ಹರಿಯುತ್ತಿಲ್ಲ.

"ನೀವು ಇಂಜಿನಿಯರಂತಲ್ವಾ ಸಾ, ಒಸಿ ನೋಡಿ."

"ನಾನು ಓದಿದ್ದು ಕಂಪ್ಯೂಟರ್, ಯಜಮಾನ್ರೇ. ಇದು ನನಗೆ ಗೊತ್ತಾಗಲ್ಲ."

"ನಾಕ್ ವರ್ಸ ಓದುದ್ರಂತ?"

"ಹೌದು."

"ಸಾಲ ಮಾಡಿ?"

"ಹೌದು."

"ಅದು ಆನ ತಡಿಯಕಿಲ್ವಾ?"

"ಇಲ್ಲ."

"ಮತ್ತ ಇನ್ನೇನ ತಡದದು ಅದು?"

"ಸದ್ಯಕ್ಕೆ ನನ್ನನ್ನು" ಎಂದೆ.

ಪ್ರಿಯ ಗ್ರಾಹಕ

ಮೊದಮೊದಲು ಕಂತಿನ ಹಿಂದಿನ ದಿನ ಬ್ಯಾಂಕಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡುತ್ತಿದ್ದರು. "ಊಟ ಆಯ್ತಾ ಸರ್? ನಾಳೆ ಕಂತು." ಮೊದಲನೆಯ ಪ್ರಶ್ನೆ ಕೇಳುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಆಮೇಲೆ ಕಂತು ಖಾತೆಯಿಂದ ತಾನಾಗಿ ಕಡಿತವಾಗತೊಡಗಿತು. ಫೋನು ನಿಂತಿತು. ನಾಲ್ಕು ತಿಂಗಳು ತಡೆದುಕೊಂಡೆ. ಐದನೆಯ ತಿಂಗಳು ಬೇಕೆಂದೇ ಖಾತೆ ಖಾಲಿ ಇಟ್ಟೆ. ದಂಡ ಬಿತ್ತು, ಫೋನೂ ಬಂತು. ಆದರೆ ಈ ಸಲ ರೆಕಾರ್ಡ್ ಮಾಡಿದ ಧ್ವನಿ: "ಪ್ರಿಯ ಗ್ರಾಹಕರೇ..."

ನನ್ನನ್ನು ಪ್ರಿಯ ಎಂದವರು ಇನ್ನಾರೂ ಇಲ್ಲವಾದ್ದರಿಂದ ಪೂರ್ತಿ ಕೇಳಿದೆ. ಇಂಗ್ಲಿಷಿಗೆ ಎರಡು ಒತ್ತಿ ಎಂದಿತು. ಒತ್ತಿ, ಅದನ್ನೂ ಕೇಳಿದೆ.

ತೂಕ

ಒಂದು ಭಾನುವಾರ ಬಂಡಳ್ಳಿಯಿಂದ ಒಬ್ಬ ತಂದೆ ನನ್ನ ಕೋಣೆಗೆ ಬಂದರು. ಮಗನಿಗೆ ಕಂಪ್ಯೂಟರ್ ಸೀಟು ಸಿಕ್ಕಿತ್ತು.

"ಸೀಟ್ಗೂ ಎಂಟು ಲಕ್ಸ, ಟ್ರ್ಯಾಕ್ಟರ್ಗೂ ಎಂಟು ಲಕ್ಸ. ಯಾವುದುಕ್ ಸಾಲ ಎತ್ಲಿ ಸಾ?"

ಇಷ್ಟು ನೇರವಾದ ಪ್ರಶ್ನೆಯನ್ನು ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. ಹಾಳೆಯ ನಡುವೆ ಗೆರೆ ಎಳೆದೆ. ಟ್ರ್ಯಾಕ್ಟರ್ ಕೊಂಡ ಮಾರನೆಯ ದಿನದಿಂದ ದುಡಿಯುತ್ತದೆ. ಇಂಜಿನಿಯರ್ ನಾಲ್ಕು ವರ್ಷ ಕೂತು ತಿಂದು ಆಮೇಲೆ ಕೆಲಸ ಹುಡುಕುತ್ತಾನೆ. ಟ್ರ್ಯಾಕ್ಟರಿಗೆ ಗಂಟೆಗಿಷ್ಟು ಎಂದು ಬಾಡಿಗೆ ಇದೆ. ನನ್ನ ಸಂಬಳವನ್ನು ಗಂಟೆಗೆ ಇಳಿಸಿ ನೋಡಿದೆ, ತಕ್ಷಣ ಹೊಡೆದುಹಾಕಿದೆ. ಕಷ್ಟಕಾಲದಲ್ಲಿ ಟ್ರ್ಯಾಕ್ಟರನ್ನು ಅರ್ಧ ಬೆಲೆಗಾದರೂ ಮಾರಬಹುದು. ಇಂಜಿನಿಯರಿಗೆ ಸೆಕೆಂಡ್ ಹ್ಯಾಂಡ್ ಗಿರಾಕಿ ಇಲ್ಲ.

"ಟ್ರ್ಯಾಕ್ಟರೇ ವಾಸಿ" ಎಂದೆ.

"ಅದೇನೋ ಸರಿ ಸಾ. ಆದ್ರ ಇಂಜಿನಿಯರು ಅಂದ್ರ ಒಳ್ಳೆ ಕಡೆ ಎಣ್ ಕೊಟ್ಟಾರು."

ಹಾಗೆಂದು ಕೋಣೆಯ ಸುತ್ತ ಕಣ್ಣಾಡಿಸಿದರು. ಒಂದು ಚಾಪೆ, ಒಂದು ಲೋಟ.

"ನಿಮ್ಗ ಮದ್ವ ಆಗದಾ?"

"ಇಲ್ಲ."

ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಬರೋ ವಾರ್ವೇ ಶೋರೂಮ್ಗ ಓಯ್ತೀನಿ."

ಕೊನೆಯ ಕಂತು

ಹೋದ ತಿಂಗಳು ಕೊನೆಯ ಕಂತು ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಬರೆಸಿಕೊಂಡು ಬಂದೆ. ಹೇಳಲು ಇದ್ದವಳು ಯಳಂದೂರಿನ ಅಕ್ಕ ಒಬ್ಬಳೇ. ಕೋಣೆಯೊಳಗೆ ಫೋನಿಗೆ ಸಿಗ್ನಲ್ ಸಿಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೂಗಿದೆ: "ಅಕ್ಕಾ, ತೀರೋಯ್ತು! ಹೂಂ, ಇವತ್ತು ಬೆಳಗ್ಗೆ!" ಲೈನ್ ಕಟ್ಟಾಯಿತು.

ಐದು ನಿಮಿಷಕ್ಕೆ ಮನೆಯ ಯಜಮಾನಿ ಸೆರಗು ಬಾಯಿಗೆ ಹಿಡಿದು ಹತ್ತಿ ಬಂದರು. ಹಿಂದೆಯೇ ಅಕ್ಕಪಕ್ಕದ ಐದಾರು ಜನ.

"ಈಗ ಕೇಳುಸ್ಕಂಡೆ ಕಣಪ್ಪ. ಎಷ್ಟು ವರ್ಸ ಆಗಿತ್ತು?"

"ಹನ್ನೊಂದು."

"ಅಯ್ಯೋ ನನ್ ಸಿವನೇ! ಬಾಳ ನಳ್ಳ್ತಾ?"

"ನರಳಿದ್ದೆಲ್ಲ ನಾನೇ ಅಮ್ಮ."

ಅವರು ಅತ್ತೇಬಿಟ್ಟರು. ಬಡ್ಡಿಯ ದರದ ಬಗ್ಗೆ ಇವರಿಗೆ ಇಷ್ಟೊಂದು ಮರುಕವೇ ಎಂದುಕೊಂಡು ಕೂರಲು ಚಾಪೆ ಹಾಸಿದೆ. ಎದುರುಮನೆಯ ಅಜ್ಜಿ ತಟ್ಟೆಯಲ್ಲಿ ಮುದ್ದೆ, ಉಪ್ಸಾರು ತಂದಿಟ್ಟಳು. "ಇಂತ ದಿನ ಒಲೆ ಅಚ್ಬಾರ್ದು ಕಣ್ ಮಗ. ಉಣ್ಣು." ಯಾರೋ ಬೆನ್ನು ಸವರಿದರು. ಮೂಲೆಯಿಂದ ಒಬ್ಬರು ಮೆಲ್ಲಗೆ ಕೇಳಿದರು: "ಮಣ್ಣು ಎಷ್ಟೊತ್ಗೆ?"

ಆಗ ಅರ್ಥವಾಯಿತು. ತಕ್ಷಣ ಹೇಳಬೇಕಿತ್ತು. ಆದರೆ ಏಳು ವರ್ಷದಲ್ಲಿ ಆ ಕೋಣೆಗೆ ಅಷ್ಟು ಜನ ಬಂದದ್ದೇ ಇಲ್ಲ. ಇನ್ನೆರಡು ತುತ್ತು ನುಂಗಿ ಆಮೇಲೆ ಹೇಳಿದೆ: "ಯಾರೂ ಸತ್ತಿಲ್ಲ ಅಜ್ಜಿ. ತೀರಿದ್ದು ಸಾಲ."

ಅಜ್ಜಿ ತಟ್ಟೆಗೆ ಕೈಹಾಕಿದಳು.

"ತತ್ತಾ ಇತ್ತಗ. ಸಾಲ ತೀರ್ಸ್‌ದೋನು ನಮ್ಗ ಇಕ್ಬೇಕು ಕಣ್ಲಾ, ನಾವು ನಿನ್ಗಲ್ಲ!"

ಮುದ್ದೆಯ ಸಮೇತ ಎಲ್ಲರೂ ಇಳಿದುಹೋದರು. ಯಾರಾದರೂ ನಿಜಕ್ಕೂ ಸತ್ತಿದ್ದರೆ ಹನ್ನೊಂದು ದಿನವಾದರೂ ಬಂದುಹೋಗುತ್ತಿದ್ದರು.